ಎಲ್ಲ ವಾದ್ಯಕ್ಕೂ ಒಂದೇ ಸೌಂಡ್‌ಫಾಂಟ್: ನಾನು ಕಟ್ಟಿಕೊಂಡ ಬಗೆ

ಕಂಪ್ಯೂಟರ್ ಸಂಗೀತ ನುಡಿಸಲು ಬಳಸುವ ವಾದ್ಯದನಿಗಳ ಫೈಲೇ ಸೌಂಡ್‌ಫಾಂಟ್. ಬಿಟ್ಟಿ ಸೌಂಡ್‌ಫಾಂಟ್‌ಗಳಿಂದ ಒಳ್ಳೆಯ ದನಿಗಳನ್ನಷ್ಟೇ ಆರಿಸಿ ಒಂದೇ ಫೈಲ್ ಮಾಡುತ್ತೇನೆ ಅಂದಾಗ ಸ್ಕೋರ್ (ಸಂಗೀತದ ಸ್ವರಲಿಪಿ) ಬರೆಯುವ ಗೆಳೆಯರು ಯಾರೂ ಒಪ್ಪಲಿಲ್ಲ. "ತೇಪೆ ಹಾಕಿದ ಬಟ್ಟೆ ಹಾಗಿರುತ್ತೆ, ಸುಮ್ನೆ ದುಡ್ಡು ಕೊಟ್ಟು ಲೈಬ್ರರಿ ತಗೋ" ಅಂದರು. ಈಗ ಅವರಲ್ಲಿ ಇಬ್ಬರು ನನ್ನ ಫೈಲನ್ನೇ ಬಳಸುತ್ತಿದ್ದಾರೆ.

ದುಡ್ಡಿನ ದಾರಿಯನ್ನೂ ನಾನು ನೋಡಿದ್ದೇನೆ. ಕೊಂಡ ಸ್ಟ್ರಿಂಗ್ಸ್ (ಪಿಟೀಲು ಜಾತಿಯ ತಂತಿವಾದ್ಯಗಳ) ಲೈಬ್ರರಿ 40 ಜಿಬಿ ಹತ್ತಿರ ಇತ್ತು. ಅದನ್ನಿಡಲು ಹೊಸ ಎಸ್‌ಎಸ್‌ಡಿ ಬೇಕಾಯಿತು. 8 ಜಿಬಿ ರ‍್ಯಾಮ್ ಸಾಲದೆ 16ಕ್ಕೆ ಏರಿಸಿದೆ. ಲೈಬ್ರರಿಗಿಂತ ಅದರ ಸುತ್ತಲಿನ ಖರ್ಚೇ ಜಾಸ್ತಿ ಆಯಿತು. ನಾನು ಸ್ಕೋರ್ ಬರೆಯುವ ತಂತ್ರಾಂಶ ಮ್ಯೂಸ್‌ಸ್ಕೋರ್ 3ರಲ್ಲಿ ವಿಎಸ್‌ಟಿ (ಇಂಥ ಲೈಬ್ರರಿ ನುಡಿಸುವ ಪ್ಲಗ್‌ಇನ್) ನೇರವಾಗಿ ನಡೆಯುವುದಿಲ್ಲ, ಜ್ಯಾಕ್ ಅನ್ನೋ ತಂತ್ರಾಂಶದ ಮೂಲಕ ಮಿಡಿಯನ್ನು (ಯಾವ ಸ್ವರ, ಎಷ್ಟು ಜೋರು ಅನ್ನುವ ಸೂಚನೆಗಳನ್ನು) ಹೊರಗೆ ಕಳಿಸಬೇಕು. ಪಿಟ್ಸಿಕಾಟೊ (ತಂತಿಯನ್ನು ಬೆರಳಿನಿಂದ ಮೀಟು) ಅಂತ ಬರೆದರೆ ದನಿ ಬದಲಾಗುತ್ತಿರಲಿಲ್ಲ. ನುಡಿಸುವ ಬಗೆ ಬದಲಿಸಲು ಕೀಸ್ವಿಚ್ ಅನ್ನೋ ಸೂಚನಾ ಸ್ವರಗಳನ್ನು ಕಾಣದ ಹಾಗೆ ಸ್ಕೋರಿನಲ್ಲಿ ತುಂಬಬೇಕಿತ್ತು. ಬರೆಯುವ ಕೆಲಸ ಹಿಂದೆ ಬಿತ್ತು.

ಆಮೇಲೆ ನಾಲ್ಕೈದು ಸೌಂಡ್‌ಫಾಂಟ್‌ಗಳನ್ನು ಮ್ಯೂಸ್‌ಸ್ಕೋರ್‌ನ ಸಿಂಥಸೈಜರ್‌ನಲ್ಲಿ (ದನಿ ಹೊರಡಿಸುವ ಭಾಗದಲ್ಲಿ) ಪೇರಿಸಿದೆ. ಮಿಕ್ಸರ್‌ನಲ್ಲಿ ದನಿಗಳ ಪಟ್ಟಿ ಮುಗಿಯುವುದೇ ಇಲ್ಲ. ಒಂದರ ಓಬೋ ಕಿರುಚುತ್ತದೆ, ಇನ್ನೊಂದರ ಚೆಲ್ಲೋ ಕೇಳಿಸುವುದೇ ಇಲ್ಲ. ಸ್ಕೋರನ್ನು ಬೇರೆ ಕಂಪ್ಯೂಟರ್‌ಗೆ ಒಯ್ದರೆ ಅಲ್ಲಿ ಆ ಫೈಲ್‌ಗಳಿಲ್ಲ, ಎಲ್ಲ ಮತ್ತೆ ಡೀಫಾಲ್ಟ್‌ಗೆ.

ಕೊನೆಗೆ ಸೌಂಡ್‌ಫಾಂಟ್ ತಿದ್ದುವ ತಂತ್ರಾಂಶ ಪಾಲಿಫೋನ್ ಹಿಡಿದು ಕೂತೆ. ಮ್ಯೂಸ್‌ಸ್ಕೋರ್‌ನದೇ ಸೌಂಡ್‌ಫಾಂಟ್ ಆದ ಮ್ಯೂಸ್‌ಸ್ಕೋರ್ ಜನರಲ್‌ನ ಎಸ್‌ಎಫ್2 (ಕುಗ್ಗಿಸದ ಸೌಂಡ್‌ಫಾಂಟ್) ಆವೃತ್ತಿ ತಳಹದಿ, ಸುಮಾರು 200 ಎಂಬಿ. ಬೇರೆ ಫೈಲ್‌ಗಳನ್ನು ಪಕ್ಕದಲ್ಲಿ ತೆರೆದು ಬೇಕಾದ ಪ್ರೀಸೆಟ್ (ಪಟ್ಟಿಯಲ್ಲಿ ಕಾಣುವ ಸಿದ್ಧ ದನಿ) ಎಳೆದು ಹಾಕಿದರೆ ಅದರೊಳಗಿನ ಇನ್‌ಸ್ಟ್ರುಮೆಂಟ್, ಸ್ಯಾಂಪಲ್ (ರೆಕಾರ್ಡ್ ಮಾಡಿದ ದನಿಯ ತುಣುಕು) ಎಲ್ಲ ಜೊತೆಗೇ ಬರುತ್ತವೆ. ಹಳೆಯದನ್ನು ತೆಗೆದ ಮೇಲೆ ಬಳಕೆಯಲ್ಲಿಲ್ಲದ ಸ್ಯಾಂಪಲ್‌ಗಳನ್ನು ಗುಡಿಸಲೇಬೇಕು, ಇಲ್ಲದಿದ್ದರೆ ಫೈಲ್ ಊದುತ್ತಲೇ ಹೋಗುತ್ತದೆ. ಯಾವ ವಾದ್ಯಕ್ಕೆ ಯಾವ ನಂಬರ್ ಅಂತ ಹೇಳುವ ಪಟ್ಟಿ ಜನರಲ್ ಮಿಡಿ, ಅದರ 128 ನಂಬರ್‌ಗಳ ಜಾಗವನ್ನು ನಾನು ಎಲ್ಲೂ ಕದಲಿಸಲಿಲ್ಲ. ಪಟ್ಟಿಯಲ್ಲಿ ವಿಯೋಲ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) 42, ಫೈಲ್‌ನಲ್ಲಿ 41. ಎಣಿಕೆ ಸೊನ್ನೆಯಿಂದ ಶುರು ಅನ್ನೋದು ನೆನಪಿರಲಿ. ಡ್ರಮ್ಸ್ ಬ್ಯಾಂಕ್ (ದನಿಗಳ ಗುಂಪು) 128ರಲ್ಲೇ ಇರಬೇಕು. ಈ ಶಿಸ್ತಿನಿಂದಾಗಿ ಯಾವ ಹಳೆಯ ಸ್ಕೋರ್ ತೆರೆದರೂ ದನಿ ತಾನಾಗಿ ಸರಿಯಾಗಿ ಕೂರುತ್ತದೆ.

ಹೆಚ್ಚು ಕಾಡಿದ್ದು ವಿಯೋಲ. ಸಿಕ್ಕಿದ ಸ್ಯಾಂಪಲ್‌ಗಳಲ್ಲಿ ವೈಬ್ರಾಟೊ (ಸ್ವರದ ನಡುಕ) ಇತ್ತು, ಒಂದೊಂದು ಸ್ಯಾಂಪಲನ್ನು ಐದಾರು ಸ್ವರಗಳಿಗೆ ಎಳೆದಿದ್ದರು. ಸ್ಯಾಂಪಲನ್ನು ಮೇಲಕ್ಕೆ ಎಳೆದಷ್ಟೂ ವೈಬ್ರಾಟೊ ಬಿರುಸಾಗುತ್ತದೆ, ಅಲ್ವಾ? ಕ್ರೊಮ್ಯಾಟಿಕ್ ಆಗಿ (ಅರ್ಧ ಅರ್ಧ ಸ್ವರ) ಏರಿದರೆ ನಡುಕ ಬೇಗ ಬೇಗ ಆಗುತ್ತಾ ಹೋಗಿ, ಮುಂದಿನ ಸ್ಯಾಂಪಲ್ ಬಂದ ಕೂಡಲೇ ನಿಧಾನವಾಗಿಬಿಡುತ್ತಿತ್ತು. ಕೇಳುವವರಿಗೆ ಅದೇ ಮೊದಲು ಕಿವಿಗೆ ಬೀಳೋದು. ಮೂರು ಸೆಮಿಟೋನಿಗೊಂದು (ಅರ್ಧ ಸ್ವರಕ್ಕೆ ಸೆಮಿಟೋನ್ ಅಂತಾರೆ) ಸ್ಯಾಂಪಲ್ ಇಟ್ಟೆ. ರೂಟ್ ಕೀ (ಸ್ಯಾಂಪಲ್‌ನ ಮೂಲ ಸ್ವರ) ನಡುವಿನ ಸ್ವರ, ಆಚೆಗೊಂದು ಈಚೆಗೊಂದು, ಅಷ್ಟೇ. ವಿಯೋಲದ ಅತಿ ತಗ್ಗಿನ ಸ್ವರವಾದ ಮಿಡಿ ನಂಬರ್ 48ರಿಂದ ಮೇಲಕ್ಕೆ ಹೀಗೆ ಜೋಡಿಸಿದ ಮೇಲೆ ಆ ಮೆಟ್ಟಿಲು ಹೋಯಿತು. ಪ್ರತಿ ಸ್ಯಾಂಪಲ್‌ನ ಲೂಪನ್ನು (ಸ್ವರ ಉದ್ದವಾದಾಗ ಮತ್ತೆ ಮತ್ತೆ ನುಡಿಯುವ ಭಾಗವನ್ನು) ಕಿವಿಯಿಂದಲೇ ಕೂರಿಸಿದೆ. ಆಟೋ ಲೂಪ್ ವೈಬ್ರಾಟೊದ ಅರ್ಧದಲ್ಲಿ ಕತ್ತರಿಸುತ್ತದೆ. ಪೂರ್ತಿ ಸುತ್ತು ಒಳಗೆ ಬರಬೇಕು.

ಉದ್ದ ಸ್ವರದ ಮೇಲೆ ಕ್ರೆಸೆಂಡೊ (ಬರಬರುತ್ತಾ ಜೋರು) ಹಾಕಿದರೂ ದನಿ ಮಂಕಾಗೇ ಇದ್ದದ್ದು ಇನ್ನೊಂದು ತಲೆನೋವು. ಮ್ಯೂಸ್‌ಸ್ಕೋರ್ 3 ಅದನ್ನು ಸಾಮಾನ್ಯವಾಗಿ ಸಿಸಿ 2ರಲ್ಲಿ (ಮಿಡಿಯ ಎರಡನೇ ನಂಬರಿನ ನಿಯಂತ್ರಣ ಸೂಚನೆಯಲ್ಲಿ) ಕಳಿಸುತ್ತದೆ, ಹೊರಗಿನ ಪ್ರೀಸೆಟ್‌ಗಳಿಗೆ ಅದರ ಅರಿವಿಲ್ಲ. ಬಂದ ಸೂಚನೆಗೆ ತಕ್ಕಂತೆ ದನಿ ಬದಲಿಸುವ ನಿಯಮವೇ ಮಾಡ್ಯುಲೇಟರ್. ವಾಲ್ಯೂಮ್‌ಗಿರುವ ಡೀಫಾಲ್ಟ್ ಮಾಡ್ಯುಲೇಟರ್‌ನಂಥದ್ದನ್ನೇ ಸಿಸಿ 2ಕ್ಕೆ ಸೇರಿಸಿ, ವೆಲಾಸಿಟಿಯದ್ದನ್ನು (ಸ್ವರ ಒತ್ತಿದ ಬಿರುಸಿನದ್ದನ್ನು) ಸೊನ್ನೆ ಮಾಡಿದೆ. ಎರಡೂ ಇದ್ದರೆ ದನಿ ಎರಡು ಸಲ ತಗ್ಗುತ್ತದೆ. ಮಾಡ್ಯುಲೇಟರ್ ಮುಟ್ಟಿದ ದಿನವೇ ನನ್ನ ಸ್ಟ್ರಿಂಗ್ಸ್ ಕ್ವಾರ್ಟೆಟ್‌ಗೆ ಉಸಿರು ಬಂತು. ಆ ಕೊಂಡ ಲೈಬ್ರರಿಯ ಪಕ್ಕದಲ್ಲಿ ಇಟ್ಟು ಕೇಳಿಸಿದಾಗ ಯಾವುದು ಯಾವುದು ಅಂತ ಗೆಳೆಯರು ತಡವರಿಸಿದರು.

ನಡುವೆ ಎಸ್‌ಎಫ್3 (ಕುಗ್ಗಿಸಿದ ಸೌಂಡ್‌ಫಾಂಟ್) ಕೂಡ ಮಾಡಿ ನೋಡಿದೆ. ಒಳಗೆ ದನಿಯನ್ನು ಕುಗ್ಗಿಸುವ ಆಗ್ ವೋರ್ಬಿಸ್ ಇರುವುದರಿಂದ ಫೈಲ್ ಐದರಲ್ಲೊಂದು ಪಾಲಿನಷ್ಟಾಯಿತು. ಆದರೆ ಕಡಿಮೆ ಗುಣಮಟ್ಟದಲ್ಲಿ ಸಿಂಬಲ್‌ನ ಬಾಲ ನೀರು ನೀರಾಗಿ ಕೇಳುತ್ತದೆ. ಹಂಚಲು ಎಸ್‌ಎಫ್3, ಕೆಲಸಕ್ಕೆ ಎಸ್‌ಎಫ್2 ಅಂತ ಇಟ್ಟುಕೊಂಡೆ. ಎಸ್‌ಎಫ್‌ಝಡ್ ಅನ್ನೋ ಇನ್ನೊಂದು ಬಗೆ ಬರೀ ಟೆಕ್ಸ್ಟ್ ಫೈಲ್, ತಿದ್ದಲು ತುಂಬಾ ಸಲೀಸು. ಪಿಯಾನೋಗೆ ಚೆನ್ನಾಗಿ ಒಗ್ಗಿತು. ಆದರೆ ಮ್ಯೂಸ್‌ಸ್ಕೋರ್ 4 ಅದನ್ನು ನೇರವಾಗಿ ಓದುವುದಿಲ್ಲ, ಹಾಗಾಗಿ ಕೈಬಿಟ್ಟೆ.

ಎಲ್ಲ ವಾದ್ಯಕ್ಕೂ ಒಂದೇ ಸಾಲನ್ನು ಎಂಎಫ್‌ನಲ್ಲಿ (ಮಧ್ಯಮ ಜೋರಿನಲ್ಲಿ) ನುಡಿಸಿ, ಅಟೆನ್ಯುಯೇಷನ್ (ದನಿ ತಗ್ಗಿಸುವ ಪ್ರಮಾಣ) ಏರಿಸಿ ಇಳಿಸಿ ಸಮ ಮಾಡಿದ್ದೇನೆ. ಮಿಕ್ಸರ್ ಮುಟ್ಟುವ ಕೆಲಸವೇ ಇಲ್ಲ. ಗಾಳಿವಾದ್ಯಗಳ ಅಟ್ಯಾಕ್‌ಗೆ (ದನಿ ಏಳುವ ಮೊದಲ ಕ್ಷಣಕ್ಕೆ) ಕೊಟ್ಟ ಅಳತೆ ಮತ್ತು ಎರಡು ಸ್ಟ್ರಿಂಗ್ಸ್ ಪದರ ಬೆರೆಸಿದ ರೀತಿ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮ್ಯೂಸ್‌ಸ್ಕೋರ್ 4ರಲ್ಲೂ ಇದೇ ಫೈಲ್. ಡಾಕ್ಯುಮೆಂಟ್ಸ್ ಒಳಗಿನ ಅದರ ಸೌಂಡ್‌ಫಾಂಟ್ಸ್ ಫೋಲ್ಡರ್‌ಗೆ ಹಾಕಿ, ಮಿಕ್ಸರ್‌ನ ಸೌಂಡ್ ಜಾಗದಲ್ಲಿ ಆರಿಸಿದರೆ ಆಯಿತು. ಮ್ಯೂಸ್‌ಸ್ಕೋರ್ 4ರ ಜೊತೆಗಿನ ದನಿ ಲೈಬ್ರರಿ ಮ್ಯೂಸ್ ಸೌಂಡ್ಸ್ ಬಿಟ್ಟಿಯೇ, ಸೊಗಸೂ ಹೌದು. ಆದರೆ ಹಲವಾರು ಜಿಬಿ, ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಬೆರೆಸಿದ ಫೈಲನ್ನು ಬೇರೆಯವರಿಗೆ ಕೊಡುವ ಮೊದಲು ಒಂದೊಂದು ಮೂಲದ ಲೈಸೆನ್ಸ್ ಓದಿ. ಫ್ಲೂಯಿಡ್‌ಆರ್3 ಅನ್ನೋ ಸೌಂಡ್‌ಫಾಂಟ್, ಮ್ಯೂಸ್‌ಸ್ಕೋರ್ ಜನರಲ್ ಎರಡೂ ಎಂಐಟಿ ಲೈಸೆನ್ಸಿನವು. ಹಂಚಲು ಅಡ್ಡಿಯಿಲ್ಲ, ಲೈಸೆನ್ಸ್ ಪಠ್ಯವನ್ನು ಜೊತೆಗಿಡಬೇಕು.