ಲಕೋಟೆ ಒಡೆಯುವವರು ಉಪಾಧ್ಯಕ್ಷರು, ಹಾಗಾದರೆ ಎಣಿಸುವವರು ಯಾರು?

ಅಮೆರಿಕದಲ್ಲಿ ಚುನಾವಣೆ ನವೆಂಬರ್‌ನಲ್ಲೇ ಮುಗಿಯುತ್ತದೆ. ಮತ್ತೆ ಜನವರಿಯಲ್ಲಿ ಎಂಥ ಎಣಿಕೆ? 2021ರಲ್ಲಿ ಈ ಎಣಿಕೆಯ ದಿನವೇ ಜನ ಅಲ್ಲಿನ ಸಂಸತ್ ಭವನಕ್ಕೆ ನುಗ್ಗಿದ ಗಲಾಟೆಯ ನಂತರ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ಉಪಾಧ್ಯಕ್ಷರು ಮನಸ್ಸು ಮಾಡಿದ್ದರೆ ಫಲಿತಾಂಶ ತಿರುಗಿಸಬಹುದಿತ್ತಾ? ಇಲ್ಲ. ಯಾಕೆ ಅನ್ನುವುದು ಎಣಿಕೆಯ ಕ್ರಮ ನೋಡಿದರೆ ಗೊತ್ತಾಗುತ್ತದೆ.

ಲಕೋಟೆ ತಲುಪುವುದು

ಜನರ ಮತದಿಂದ ನೇರವಾಗಿ ಆಯ್ಕೆಯಾಗುವವರು ಎಲೆಕ್ಟರ್‌ಗಳು. ಒಟ್ಟು 538 ಮಂದಿ. ಅಧ್ಯಕ್ಷರಾಗಲು ಇವರಲ್ಲಿ 270 ಜನರ ಮತ ಬೇಕು. ಡಿಸೆಂಬರ್‌ನಲ್ಲಿ ಅವರು ತಮ್ಮ ತಮ್ಮ ರಾಜ್ಯದಲ್ಲೇ ಸೇರಿ ಮತ ಹಾಕುತ್ತಾರೆ. ಸಹಿ ಮಾಡಿದ ಪ್ರಮಾಣಪತ್ರವನ್ನು ಲಕೋಟೆಗೆ ಹಾಕಿ ಸೆನೆಟ್ ಅಧ್ಯಕ್ಷರಿಗೆ ಕಳಿಸುತ್ತಾರೆ. ನಮ್ಮಲ್ಲಿ ಉಪರಾಷ್ಟ್ರಪತಿ ರಾಜ್ಯಸಭೆಯ ಸಭಾಪತಿ ಅಲ್ವಾ, ಹಾಗೆಯೇ ಅಲ್ಲಿ ಉಪಾಧ್ಯಕ್ಷರೇ ಸೆನೆಟ್ ಅಧ್ಯಕ್ಷರು.

ಜನವರಿ 6, ಮಧ್ಯಾಹ್ನ 1 ಗಂಟೆ

ಆಗ ನಮಗೆ ರಾತ್ರಿ 11.30. ಮೇಲ್ಮನೆ ಸೆನೆಟ್‌ನ ಸದಸ್ಯರಾದ ಸೆನೆಟರ್‌ಗಳು ಕೆಳಮನೆಯಾದ ಜನಪ್ರತಿನಿಧಿ ಸಭೆಗೆ ನಡೆದು ಬರುತ್ತಾರೆ. ಜೊತೆಗೆ ಲಕೋಟೆ ತುಂಬಿದ ಮರದ ಪೆಟ್ಟಿಗೆಗಳೂ ಬರುತ್ತವೆ. ಉಪಾಧ್ಯಕ್ಷರು ಅಕ್ಷರಮಾಲೆಯ ಪ್ರಕಾರ ಅಲಬಾಮಾದಿಂದ ಶುರು ಮಾಡಿ ವಯೋಮಿಂಗ್‌ವರೆಗೆ ಒಂದೊಂದೇ ರಾಜ್ಯದ ಪತ್ರವನ್ನು ಕೊಡುತ್ತಾ ಹೋಗುತ್ತಾರೆ. ಅದನ್ನು ಓದಿ ಲೆಕ್ಕ ಬರೆಯುವವರು ಎರಡೂ ಸದನಗಳಿಂದ ಬಂದ 4 ಮಂದಿ ಸದಸ್ಯರು. ಗೊಂದಲವೆಲ್ಲ ಹುಟ್ಟಿದ್ದು ಇಲ್ಲೇ.

1804ರ 12ನೇ ತಿದ್ದುಪಡಿಯಲ್ಲಿ ಸೆನೆಟ್ ಅಧ್ಯಕ್ಷರು ಲಕೋಟೆ ತೆರೆಯಬೇಕು, ಆಮೇಲೆ ಮತಗಳ ಎಣಿಕೆ ಆಗಬೇಕು ಎಂದಷ್ಟೇ ಇದೆ. ಎಣಿಸಬೇಕಾದವರು ಯಾರು? ಅದನ್ನೇ ಬರೆದಿಲ್ಲ! 1876ರ ಚುನಾವಣೆಯಲ್ಲಿ ಕೆಲವು ರಾಜ್ಯಗಳಿಂದ ಎರಡೆರಡು ಪಟ್ಟಿ ಬಂದು ದೊಡ್ಡ ಜಗಳವೇ ಆಯಿತು. ಆ ಮೇಲೆ 1887ರಲ್ಲಿ ಎಣಿಕೆಗೆಂದೇ ಒಂದು ಕಾನೂನು ಬಂತು.

ಯಾರಾದರೂ ತಕರಾರು ಎತ್ತಿದರೆ

ಮೊದಲು ತಕರಾರಿನ ಮೇಲೆ ಪ್ರತಿ ಸದನದ ಒಬ್ಬೊಬ್ಬರ ಸಹಿ ಇದ್ದರೆ ಸಾಕಿತ್ತು. ಆ ಸಹಿಯ ಬೆಲೆ ತಿಳಿಯಬೇಕಾದರೆ 2001ರ ಎಣಿಕೆ ನೋಡಬೇಕು. ಕುರ್ಚಿಯಲ್ಲಿ ಕೂತಿದ್ದವರು ಆಗಿನ ಉಪಾಧ್ಯಕ್ಷ ಅಲ್ ಗೋರ್. ಫ್ಲೋರಿಡಾದಲ್ಲಿ ಬರೀ 537 ಮತಗಳಿಂದ ಸೋತು ಅಧ್ಯಕ್ಷ ಪದವಿ ಕಳೆದುಕೊಂಡಿದ್ದವರು. ಅವರ ಪಕ್ಷದವರೇ ಒಬ್ಬರ ಹಿಂದೆ ಒಬ್ಬರು ಎದ್ದು ಫ್ಲೋರಿಡಾದ ಮತಕ್ಕೆ ತಕರಾರು ಎತ್ತಿದರು. ಯಾವ ಸೆನೆಟರ್ ಕೂಡ ಸಹಿ ಹಾಕಿರಲಿಲ್ಲ. ಅವರಲ್ಲೊಬ್ಬರಾದ ಕೆಳಮನೆ ಸದಸ್ಯೆ ಮ್ಯಾಕ್ಸಿನ್ ವಾಟರ್ಸ್, ಸಹಿ ಇಲ್ಲದಿದ್ದರೆ ನನಗೇನೂ ಚಿಂತೆಯಿಲ್ಲ ಎಂದರು. ಗೋರ್ ಹೇಳಿದ್ದು: ನಿಯಮಗಳಿಗೆ ಚಿಂತೆಯಿದೆ. ತಮ್ಮ ಪರವಾಗಿ ಎದ್ದ ದನಿಗಳನ್ನೆಲ್ಲ ಹೀಗೆ ತಾವೇ ತಳ್ಳಿಹಾಕಿದರು. ಉಪಾಧ್ಯಕ್ಷರ ಪಾತ್ರ ಏನು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

2021ರಲ್ಲಿ ಆಗಿನ ಉಪಾಧ್ಯಕ್ಷ ಮೈಕ್ ಪೆನ್ಸ್ ಮೇಲೆ, ಫಲಿತಾಂಶ ತಿರುಗಿಸಬೇಕೆಂದು, ಚುನಾವಣೆ ಸೋತಿದ್ದ ಅಧ್ಯಕ್ಷ ಟ್ರಂಪ್ ಅವರಿಂದಲೇ ಒತ್ತಡ ಬಂತು. ತಮಗೆ ಆ ಅಧಿಕಾರವಿಲ್ಲ ಎಂದು ಪೆನ್ಸ್ ಪತ್ರ ಬರೆದರು. ಜನ ಸಂಸತ್ ಭವನವಾದ ಕ್ಯಾಪಿಟಲ್‌ಗೆ ನುಗ್ಗಿದಾಗ ಸಿಬ್ಬಂದಿ ಆ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋಗಿ ಉಳಿಸಿದರು. ರಾತ್ರಿ ಸಭೆ ಮತ್ತೆ ಸೇರಿತು. ಎಣಿಕೆ ಮುಗಿದಾಗ ಮರುದಿನ ನಸುಕು: ಬೈಡನ್ 306, ಟ್ರಂಪ್ 232.

ಈಗಿನ ನಿಯಮ

2022ರ ಕೊನೆಯಲ್ಲಿ ಕಾನೂನು ತಿದ್ದಿದರು. ಉಪಾಧ್ಯಕ್ಷರದ್ದು ಕಲಾಪ ನಡೆಸಿಕೊಡುವ ಕೆಲಸ ಮಾತ್ರ, ಯಾವ ಪಟ್ಟಿ ಸರಿ ಎಂದು ತೀರ್ಮಾನಿಸುವ ಅಧಿಕಾರ ಇಲ್ಲ ಎಂದು ಅದರಲ್ಲಿ ಬಿಡಿಸಿ ಹೇಳಿದೆ. ತಕರಾರಿಗೆ ಈಗ ಪ್ರತಿ ಸದನದ ಐದರಲ್ಲಿ ಒಂದು ಪಾಲು ಸದಸ್ಯರ ಸಹಿ ಬೇಕು. ಎಲ್ಲರೂ ಇದ್ದಾಗ ಸೆನೆಟ್‌ನಲ್ಲಿ 20, ಇನ್ನೊಂದರಲ್ಲಿ 87. ಸುಮ್ನೆ ಎದ್ದು ನಿಂತರೆ ನಡೆಯುವುದಿಲ್ಲ. ಸಹಿ ಸಿಕ್ಕರೆ ಎರಡೂ ಸದನಗಳು ಬೇರೆ ಬೇರೆ ಚರ್ಚಿಸುತ್ತವೆ. ಎರಡರಲ್ಲೂ ಬಹುಮತ ಸಿಕ್ಕರಷ್ಟೇ ಆ ಮತ ಬಿಟ್ಟುಹೋಗುತ್ತದೆ.

ಲೆಕ್ಕ ಮುಗಿದ ಮೇಲೆ ಫಲಿತಾಂಶ ಓದುವುದು ಉಪಾಧ್ಯಕ್ಷರೇ. ಹೊಸ ನಿಯಮದ ಮೊದಲ ಎಣಿಕೆ 2025ರಲ್ಲಿ ನಡೆಯಿತು. ಒಂದು ತಕರಾರೂ ಬರಲಿಲ್ಲ. ಆಗಿನ ಉಪಾಧ್ಯಕ್ಷೆ, ಆ ಚುನಾವಣೆಯಲ್ಲಿ ಸೋತಿದ್ದ ಕಮಲಾ ಹ್ಯಾರಿಸ್ ಎದ್ದು ನಿಂತು ಟ್ರಂಪ್‌ಗೆ 312 ಎಂದು ಓದಿದರು, ಆಮೇಲೆ ತಮ್ಮದೇ ಹೆಸರು ಹೇಳಿ 226 ಎಂದರು.