ಕಬ್ಬಿಣದ ಸೈಟಿನಲ್ಲಿ ಗುರಿ ಹಿಡಿಯುವುದು ಹೇಗೆ: ಹಳೆಯ ರೈಫಲ್ ಇರುವ ಮಲೆನಾಡಿನ ಮನೆಗಳಿಗೆ

ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯ ಹಳೆಯ ತೋಟದ ಮನೆಗಳಲ್ಲಿ ಜೋಡಿ ನಳಿಗೆಯ ಕೋವಿಯ ಜೊತೆಗೆ ಒಂದು .315 (ನಳಿಗೆಯ ಅಳತೆ, ಇಂಚಿನಲ್ಲಿ) ರೈಫಲ್ ಇರುವುದುಂಟು. ನಮ್ಮ ಮನೆಗೆ ಅದು ತಂದೆಯವರ ಕಾಲದಲ್ಲಿ ಬಂದದ್ದು. ಅದರ ಮೈಕಟ್ಟು ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರು ಹೆಗಲಿಗೇರಿಸಿಕೊಂಡಿದ್ದ ಲೀ-ಎನ್‌ಫೀಲ್ಡ್ ಬಂದೂಕಿನದೇ. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯು ಸೈನ್ಯಕ್ಕೆ .303 ಮಾಡಿಕೊಟ್ಟಂತೆ ನಾಗರಿಕರಿಗೆ .315 ಮಾಡಿಕೊಟ್ಟಿತು. ಸೈನ್ಯದ ತೋಟೆ ನಾಗರಿಕರ ಬಂದೂಕಿಗೆ ಹೊಂದಬಾರದು ಎಂಬ ಬ್ರಿಟಿಷರ ಕಾಲದ ಎಚ್ಚರಿಕೆಯಿಂದ ಈ ಬೇರೆ ಅಳತೆ ಬಳಕೆಗೆ ಬಂತು. ಇಂದಿಗೂ .303 ತೋಟೆ ಹಾಕಬಹುದಾದ ಯಾವ ಬಂದೂಕೂ ನಿಷೇಧಿತ ವರ್ಗಕ್ಕೆ ಸೇರುತ್ತದೆ. ಸಾಮಾನ್ಯ ಪರವಾನಗಿಯ ಮೇಲೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಆದರೆ ದುರ್ಬೀನು ಇಲ್ಲದೆ, ನಳಿಗೆಯ ಮೇಲಿನ ಎರಡು ಕಬ್ಬಿಣದ ತುಂಡುಗಳನ್ನು, ಅಂದರೆ ಸೈಟುಗಳನ್ನು, ನಂಬಿ ಗುರಿ ಹಿಡಿಯುವ ವಿದ್ಯೆ ಎರಡಕ್ಕೂ ಒಂದೇ, ಮತ್ತು ಆ ವಿದ್ಯೆ ನಮ್ಮ ಮನೆಗಳಿಂದ ಮರೆಯಾಗುತ್ತಿದೆ ಎಂಬ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಈಗ ನಮ್ಮಲ್ಲಿ ಹವ್ಯಾಸಕ್ಕೆ ಶಿಕಾರಿ ಮಾಡುವುದು ಅಪರಾಧ. ಕಾಡುಹಂದಿಯು 2022ರ ತಿದ್ದುಪಡಿಯ ನಂತರ ಎರಡನೆಯ ಅನುಸೂಚಿಯಲ್ಲಿದೆ. ಗದ್ದೆಯನ್ನೇ ಉತ್ತು ಹಾಕಿದ ಹಂದಿಯಾದರೂ 11ನೆಯ ಕಲಮಿನ ಅಡಿಯಲ್ಲಿ ಅಧಿಕಾರವುಳ್ಳವರ ಲಿಖಿತ ಅನುಮತಿ ಇಲ್ಲದೆ ಅದಕ್ಕೆ ಈಡು ಹೊಡೆಯುವಂತಿಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಬೆಳೆ ರಕ್ಷಣೆಗೆ ಎಂದು ಬರೆದಿರುವುದನ್ನೇ ಅನುಮತಿ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದು ಬಂದೂಕು ಇಟ್ಟುಕೊಳ್ಳಲು ಕೊಟ್ಟ ಕಾರಣವೇ ಹೊರತು ಪ್ರಾಣಿಯನ್ನು ಕೊಲ್ಲಲು ಕೊಟ್ಟ ಅಪ್ಪಣೆಯಲ್ಲ. ಹಾಗಾಗಿ ಇಲ್ಲಿ ಹೇಳುವ ಅಭ್ಯಾಸವೆಲ್ಲ ಗುರಿಹಲಗೆಗೆ ಸಂಬಂಧಿಸಿದ್ದು, ಮತ್ತು ಗುಂಡು ಹಾರಿಸುವ ಭಾಗವನ್ನು ಅನುಮತಿಯುಳ್ಳ ಫೈರಿಂಗ್ ರೇಂಜಿನಲ್ಲಿಯೇ ಮಾಡಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ ಇದಕ್ಕೆ ಒಳ್ಳೆಯ ಆರಂಭ.

ಅಭ್ಯಾಸಕ್ಕೆ ಮೊದಲು ಬಂದೂಕನ್ನು ನೋಡಿಕೊಳ್ಳಿ. ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ) ಕಳಚಿ, ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಜಾರುವ ಭಾಗ) ಹಿಂದಕ್ಕೆಳೆದು, ಒಳಗೆ ತೋಟೆ ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಬೇಕು. ಬೋಲ್ಟಿನ ಮೇಲಿನ ಸಂಖ್ಯೆಯೂ ಬಂದೂಕಿನ ಮೈಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಬೇರೆ ಬಂದೂಕಿನ ಬೋಲ್ಟ್ ಹಾಕಿದ್ದರೆ ಪರವಾನಗಿಯುಳ್ಳ ಬಂದೂಕು ರಿಪೇರಿಯವರು ಪರೀಕ್ಷಿಸುವ ತನಕ ಅದರಲ್ಲಿ ಗುಂಡು ಹಾರಿಸಬಾರದು. ನಳಿಗೆಯ ಬಾಯಿಯ ಅಂಚು ಸವೆದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಹಿಂದಿನವರು ನಳಿಗೆಯ ಒಳಗೆ ಬಟ್ಟೆ ಎಳೆದು ಒರೆಸುವ ಪುಲ್‌ಥ್ರೂ ಹಗ್ಗವನ್ನು ಓರೆಯಾಗಿ ಎಳೆದೆಳೆದು ಆ ಅಂಚನ್ನು ಒಂದು ಬದಿಗೆ ಸವೆಸಿರುವುದು ಸಾಮಾನ್ಯ, ಮತ್ತು ಅಂಥ ನಳಿಗೆಯಿಂದ ಎಷ್ಟು ಒಳ್ಳೆಯ ಈಡುಗಾರನಿಗೂ ಗುಂಡುಗಳು ಒಂದೆಡೆ ಬೀಳುವುದಿಲ್ಲ.

ಎನ್‌ಸಿಸಿಯಲ್ಲಿ ನಾವು ಕಲಿತ ಹೆಸರುಗಳಲ್ಲೇ ಹೇಳುವುದಾದರೆ, ಕಣ್ಣಿನ ಹತ್ತಿರ ಇರುವ ಕಚ್ಚು ಬ್ಯಾಕ್‌ಸೈಟ್, ನಳಿಗೆಯ ತುದಿಯಲ್ಲಿ ನಿಂತ ತೆಳುವಾದ ಬ್ಲೇಡು ಫೋರ್‌ಸೈಟ್. ಬ್ಲೇಡು ಕಚ್ಚಿನ ನಟ್ಟನಡುವೆ ನಿಲ್ಲಬೇಕು, ಅದರ ತಲೆಯು ಕಚ್ಚಿನ ಎರಡು ಭುಜಗಳಿಗೆ ಸಮನಾಗಿರಬೇಕು, ಎರಡೂ ಬದಿಯಲ್ಲಿ ಒಂದೇ ಅಳತೆಯ ಬೆಳಕಿನ ಗೆರೆ ಕಾಣಬೇಕು. ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಎಲ್ಲರೂ ಹೇಳಿಕೊಡದೆ ಬಿಡುವುದು ಕಣ್ಣಿನ ವಿಷಯವನ್ನು. ಬ್ಯಾಕ್‌ಸೈಟ್, ಫೋರ್‌ಸೈಟ್, ಗುರಿ ಮೂರೂ ಬೇರೆ ಬೇರೆ ದೂರದಲ್ಲಿವೆ. ಮನುಷ್ಯನ ಕಣ್ಣಿಗೆ ಒಂದು ಸಲಕ್ಕೆ ಒಂದನ್ನು ಮಾತ್ರ ಸ್ಪಷ್ಟವಾಗಿ ನೋಡಲು ಸಾಧ್ಯ. ಆ ಒಂದು ಫೋರ್‌ಸೈಟ್ ಆಗಿರಬೇಕು. ಅದರ ತಲೆಯ ಅಂಚು ಕತ್ತರಿಸಿಟ್ಟಂತೆ ಕಾಣುತ್ತಿರಲಿ, ಗುರಿ ಮಂಜಿನೊಳಗಿನ ವಸ್ತುವಿನಂತೆ ಮಸುಕಾಗಿರಲಿ. ಟ್ರಿಗರ್ ಎಳೆಯುವ ಕೊನೆಯ ಗಳಿಗೆಯಲ್ಲಿ ಗುರಿಗೆ ಬಿತ್ತೋ ಇಲ್ಲವೋ ಎಂದು ನೋಡುವ ಆಸೆಯಿಂದ ಕಣ್ಣು ಮುಂದಕ್ಕೆ ಹಾರಿಬಿಡುತ್ತದೆ, ಬ್ಲೇಡು ಒಂದು ಕೂದಲಿನಷ್ಟು ಸರಿಯುತ್ತದೆ, ಗುಂಡು ತಪ್ಪುತ್ತದೆ.

ಆ ಕೂದಲಿನ ಬೆಲೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಎಚ್ಚರ ತಾನಾಗಿ ಬರುತ್ತದೆ. ಎರಡು ಸೈಟುಗಳ ನಡುವಿನ ದೂರವನ್ನು ಟೇಪಿನಿಂದ ಅಳೆಯಿರಿ. ಹಳೆಯ ನಂಬರ್ 1 ಲೀ-ಎನ್‌ಫೀಲ್ಡ್‌ನಲ್ಲಿ ಅದು ಸುಮಾರು 19 ಇಂಚು, ಅಂದರೆ ಅರ್ಧ ಮೀಟರಿಗೆ ತುಸು ಕಡಿಮೆ. ಅರ್ಧ ಮೀಟರಿನಲ್ಲಿ 1 ಮಿಲಿಮೀಟರ್ ತಪ್ಪಿದರೆ 50 ಮೀಟರಿನಲ್ಲಿ 10 ಸೆಂಟಿಮೀಟರ್, 100 ಮೀಟರಿನಲ್ಲಿ 20 ಸೆಂಟಿಮೀಟರ್ ತಪ್ಪುತ್ತದೆ. ನಂತರ ಬಂದ ನಂಬರ್ 4 ಮಾದರಿಯಲ್ಲಿ ಬ್ಯಾಕ್‌ಸೈಟನ್ನು ಕಣ್ಣಿನ ಸಮೀಪಕ್ಕೆ ತಂದು, ಕಚ್ಚಿನ ಬದಲು ತೂತನ್ನಿಟ್ಟು, ನಡುವಿನ ದೂರವನ್ನು 28 ಇಂಚು ದಾಟಿಸಿದ್ದು ಇದೇ ಕಾರಣಕ್ಕೆ. ಕೆನಡಾದ ಉತ್ತರದ ಹಿಮಪ್ರದೇಶದ ರೇಂಜರ್‌ಗಳು ಆ ಬಂದೂಕನ್ನು ತೀರ ಇತ್ತೀಚಿನವರೆಗೂ ಬಿಟ್ಟಿರಲಿಲ್ಲ. ಮಸುಕಾಗುವ ಗಾಜೇ ಇಲ್ಲದ ಸೈಟಿನ ಗುಣವನ್ನು ಚಾರ್ಮಾಡಿಯ ಮಂಜು ಕಂಡ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಈಗ ಒಂದೇ ಒಂದು ತೋಟೆಯನ್ನೂ ಖರ್ಚು ಮಾಡದೆ ಕಲಿಯುವ ಕ್ರಮವನ್ನು ಹೇಳುತ್ತೇನೆ. ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಎರಡು ಕಾಫಿ ಗೋಣಿಗಳಲ್ಲಿ ಅರ್ಧದಷ್ಟು ಮರಳು ತುಂಬಿ ಮೇಜಿನ ಮೇಲಿಟ್ಟು, ಅವುಗಳ ನಡುವಿನ ತಗ್ಗಿನಲ್ಲಿ ರೈಫಲ್ ಅಲುಗಾಡದಂತೆ ಕೂರಿಸಿ. ಹತ್ತು ಹೆಜ್ಜೆ ಆಚೆಯ ಗೋಡೆಗೆ ಒಂದು ಬಿಳಿ ಹಾಳೆಯನ್ನು ಅಂಟಿಸಿ. ಗೋಡೆಯ ಆಚೆ ಯಾರೂ ಇಲ್ಲದಿರುವ ದಿಕ್ಕನ್ನೇ ಆರಿಸಬೇಕು. ರಟ್ಟಿನಿಂದ ರೂಪಾಯಿ ಅಗಲದ ಒಂದು ಬಿಲ್ಲೆಯನ್ನು ಕತ್ತರಿಸಿ, ಕಪ್ಪು ಬಳಿದು, ನಡುವೆ ಪೆನ್ಸಿಲ್ ಮೊನೆ ಹೋಗುವಷ್ಟು ತೂತು ಮಾಡಿ ಮನೆಯವರೊಬ್ಬರ ಕೈಗೆ ಕೊಡಿ. ನೀವು ಬಂದೂಕನ್ನು ಕೈಯಿಂದ ಮುಟ್ಟದೆ, ಕೆನ್ನೆಯನ್ನು ಮಾತ್ರ ಮೆಲ್ಲಗೆ ಮರಕ್ಕೆ ತಾಗಿಸಿ ಕಣ್ಣಿಟ್ಟು, ಬಿಲ್ಲೆಯನ್ನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ಸರಿಸುವಂತೆ ಹೇಳುತ್ತಾ ಹೋಗಬೇಕು. ಬಿಲ್ಲೆ ಬ್ಲೇಡಿನ ತಲೆಯ ಮೇಲೆ ಸರಿಯಾಗಿ ಕುಳಿತಾಗ ಅವರು ತೂತಿನ ಮೂಲಕ ಒಂದು ಚುಕ್ಕೆ ಇಡುತ್ತಾರೆ. ಮುಖವನ್ನು ತೆಗೆದು, ದೂರದ ಹಸಿರನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಟ್ಟು, ಮತ್ತೆ ಅದೇ ಕೆಲಸವನ್ನು ಎರಡು ಬಾರಿ ಮಾಡಿ. ಮೂರು ಚುಕ್ಕೆಗಳನ್ನು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ತ್ರಿಕೋನವು ಅವರೆ ಕಾಳಿನೊಳಗೆ ಅಡಗುವಷ್ಟಿದ್ದರೆ ನಿಮ್ಮ ಕಣ್ಣು ಪ್ರತಿ ಸಲವೂ ಒಂದೇ ಚಿತ್ರವನ್ನು ನೋಡುತ್ತಿದೆ ಎಂದರ್ಥ. ಅದು ಮೇಲಿನಿಂದ ಕೆಳಕ್ಕೆ ಉದ್ದವಾಗಿದ್ದರೆ ಬ್ಲೇಡಿನ ತಲೆಯನ್ನು ಭುಜಕ್ಕೆ ಸಮ ಮಾಡುವುದರಲ್ಲಿ ತಪ್ಪುತ್ತಿದ್ದೀರಿ. ಅಡ್ಡವಾಗಿ ಉದ್ದವಾಗಿದ್ದರೆ ಕೆನ್ನೆಯನ್ನು ಮರದ ಮೇಲೆ ಪ್ರತಿ ಸಲ ಒಂದೇ ಜಾಗದಲ್ಲಿ ಇಡುತ್ತಿಲ್ಲ. ವಾರಕ್ಕೆ ಮೂರು ಸಂಜೆ, ಹದಿನೈದು ನಿಮಿಷ, ಒಂದು ತಿಂಗಳು ಇದನ್ನು ಮಾಡಿದವರು ನಂತರ ರೇಂಜಿನಲ್ಲಿ ಖರ್ಚು ಮಾಡುವ ತೋಟೆಗಳು ಅರ್ಧಕ್ಕೆ ಇಳಿಯುವುದನ್ನು ನಾನು ನಮ್ಮ ಮನೆಯ ಹುಡುಗರಲ್ಲಿಯೇ ಕಂಡಿದ್ದೇನೆ.

ಟ್ರಿಗರ್‌ಗೆ ಬೇರೆ ಪಾಠ. ಖಾಲಿ ಬಂದೂಕಿನ ಒಳಗೆ ಅಭ್ಯಾಸದ ಡಮ್ಮಿ ತೋಟೆ ಹಾಕಿ, ಮಲಗಿದ ಭಂಗಿಯಲ್ಲಿ ಗುರಿ ಹಿಡಿದು, ನಳಿಗೆಯ ತುದಿಯ ಹತ್ತಿರ ಒಂದು ನಾಣ್ಯವನ್ನು ಇಡಿಸಿಕೊಳ್ಳಿ. ಉಸಿರನ್ನು ಅರ್ಧ ಬಿಟ್ಟು ತಡೆದು, ಬೆರಳಿನ ಮೊದಲ ಗೆಣ್ಣಿನ ಮುಂದಿನ ಭಾಗದಿಂದ ನಿಧಾನವಾಗಿ ಒತ್ತಡವನ್ನು ಏರಿಸುತ್ತಾ ಹೋದರೆ ಟಕ್ ಎಂದಾಗ ನಾಣ್ಯ ಬೀಳಬಾರದು. ಸೈನಿಕ ಬಂದೂಕುಗಳ ಟ್ರಿಗರ್ ಎರಡು ಹಂತದ್ದು: ಮೊದಲ ಹಂತ ಸಡಿಲವಾಗಿ ಬಂದು ನಿಲ್ಲುತ್ತದೆ, ಎರಡನೆಯದು ಗಟ್ಟಿ. ಮೊದಲ ಹಂತವನ್ನು ತೆಗೆದುಕೊಂಡು ಕಾಯುವುದನ್ನು ಬೆರಳಿಗೆ ರೂಢಿ ಮಾಡಿಸಬೇಕು. ಗುರಿ ಹಿಡಿದು ಎಂಟು ಹತ್ತು ಸೆಕೆಂಡು ದಾಟಿದರೆ ಕಣ್ಣು ಮಂಜಾಗುತ್ತದೆ, ಆಗ ಟ್ರಿಗರ್ ಬಿಟ್ಟು ಉಸಿರಾಡಿ ಮತ್ತೆ ಆರಂಭಿಸುವುದೇ ಸರಿ.

ರೇಂಜಿನಲ್ಲಿ ಮೊದಲ ಕೆಲಸ ಬಂದೂಕಿನ ಗುಂಡು ಎಲ್ಲಿ ಬೀಳುತ್ತದೆ ಎಂದು ತಿಳಿಯುವುದು. ಮರಳು ಚೀಲದ ಆಸರೆಯಲ್ಲಿ 50 ಮೀಟರಿಗೆ ಐದು ಗುಂಡು ಹಾರಿಸಿ, ನಡುವೆ ಸೈಟನ್ನು ಮುಟ್ಟಬೇಡಿ. ಹಳೆಯ ಸೈನಿಕ ಬಂದೂಕು ಇಲ್ಲಿ ಮೇಲಕ್ಕೆ ಹೊಡೆದರೆ ಗಾಬರಿಯಾಗಬೇಕಾಗಿಲ್ಲ. ಲೀ-ಎನ್‌ಫೀಲ್ಡ್‌ನ ಬ್ಯಾಕ್‌ಸೈಟ್ 200 ಗಜದಿಂದ ಆರಂಭವಾಗಿ 2000 ಗಜಕ್ಕೆ ಮುಗಿಯುತ್ತದೆ. 1898ರ ಜರ್ಮನ್ ಮೌಸರ್‌ನ ಸೈಟಿನಲ್ಲಿ, ಚೂಪು ಮೂತಿಯ ಹೊಸ ಗುಂಡಿಗೆ ಹೊಂದಿಸಿದ ಮೇಲೆ, ಅತಿ ಕಡಿಮೆ ಗುರುತೇ 400 ಮೀಟರ್. ರಷ್ಯದ ಮೋಸಿನ್ ಬಂದೂಕಿಗೆ ಬಯೊನೆಟ್ (ನಳಿಗೆಯ ತುದಿಗೆ ಹಾಕುವ ಇರಿಯುವ ಅಲಗು) ಸಿಕ್ಕಿಸಿಟ್ಟೇ ಗುರಿ ಹೊಂದಿಸಿದ್ದರು. ಅವು ಮೈದಾನದ ಯುದ್ಧಕ್ಕೆ ಆದ ಅಳತೆಗಳು. ಅಮೆರಿಕದಲ್ಲಿ ಈ ಬಂದೂಕುಗಳಿಂದ ಕಾನೂನುಬದ್ಧವಾಗಿ ಜಿಂಕೆ ಬೇಟೆಯಾಡುವವರು ಕೂಡ ಎತ್ತರದ ಫೋರ್‌ಸೈಟ್ ಹಾಕಿಸಿಕೊಂಡು ಇದನ್ನು ಸರಿಪಡಿಸಿಕೊಳ್ಳುತ್ತಾರೆ, ಮತ್ತು ಸೈನ್ಯದ ಗಟ್ಟಿ ಮೂತಿಯ ಗುಂಡನ್ನು ಬಿಟ್ಟು ಮೆದು ಮೂತಿಯದನ್ನು ಬಳಸುತ್ತಾರೆ. ಗಟ್ಟಿ ಗುಂಡು ಅರಳದೆ ಮೈಯನ್ನು ತೂರಿಹೋಗಿ ಪ್ರಾಣಿಯು ನರಳುತ್ತಾ ಓಡುವಂತೆ ಮಾಡುತ್ತದೆ.

ಸರಿಪಡಿಸುವಾಗ ಒಂದು ನಿಯಮವನ್ನು ನೆನಪಿಡಿ. ಫೋರ್‌ಸೈಟನ್ನು ಗುಂಡು ತಪ್ಪಿದ ಕಡೆಗೇ ಸರಿಸಬೇಕು. ಬಲಕ್ಕೆ ಬಿದ್ದರೆ ಬಲಕ್ಕೆ, ಮೇಲಕ್ಕೆ ಬಿದ್ದರೆ ಇನ್ನೂ ಎತ್ತರದ ಬ್ಲೇಡು. ಲೀ-ಎನ್‌ಫೀಲ್ಡ್‌ಗೆ 0.015 ಇಂಚಿನ ಅಂತರದಲ್ಲಿ ಬೇರೆ ಬೇರೆ ಎತ್ತರದ ಬ್ಲೇಡುಗಳನ್ನು ಮಾಡುತ್ತಿದ್ದರು. ಗುಂಡು ಕೆಳಗೆ ಬೀಳುತ್ತಿದ್ದರೆ ಮಾತ್ರ ಅರದಿಂದ ಉಜ್ಜಬಹುದು, ಅದೂ ನಾಲ್ಕು ಉಜ್ಜಿಗೆ ಒಮ್ಮೆ ಗುಂಡು ಹಾರಿಸಿ ನೋಡಿ. ಉಜ್ಜಿದ್ದನ್ನು ಮತ್ತೆ ಬೆಳೆಸಲು ಬರುವುದಿಲ್ಲ.

ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡುವುದು ನಮಗೆಲ್ಲ ಅಭ್ಯಾಸ. ಒಂದು ಸಲ ಹಾಗೆ ಬಿಡಿಸಿಕೊಂಡು ತಂದ ರೈಫಲ್ 50 ಮೀಟರಿಗೆ ಅರ್ಧ ಗೇಣು ಎಡಕ್ಕೆ ಹೊಡೆಯತೊಡಗಿತು. ವಯಸ್ಸಾದ ಕಣ್ಣಿನ ದೋಷವೆಂದು ತಿಳಿದು ಎಂಟು ತೋಟೆಗಳನ್ನು ಕಳೆದುಕೊಂಡ ಮೇಲೆ ಫೋರ್‌ಸೈಟಿನ ಬುಡದಲ್ಲಿ ಹೊಸದಾಗಿ ಹೊಳೆಯುತ್ತಿದ್ದ ಗೀರು ಕಣ್ಣಿಗೆ ಬಿತ್ತು. ಎಲ್ಲಿಯೋ ಪೆಟ್ಟು ಬಿದ್ದು ಬ್ಲೇಡು ಬಲಕ್ಕೆ 1 ಮಿಲಿಮೀಟರಿನಷ್ಟು ಜರುಗಿತ್ತು. ಅಂದಿನಿಂದ ಗುರಿ ಹೊಂದಿಸಿದ ಕೂಡಲೇ ಬ್ಲೇಡಿನ ಬುಡ ಮತ್ತು ಅದರ ಪೀಠ ಎರಡನ್ನೂ ಸೇರಿಸಿ ಸೂಜಿಯಿಂದ ಒಂದು ಸಣ್ಣ ಗೆರೆ ಎಳೆದಿಡುತ್ತೇನೆ. ಗೆರೆ ಮುರಿದಿದ್ದರೆ ಸೈಟು ಸರಿದಿದೆ. ಮಳೆಗಾಲದಲ್ಲಿ ಮರದ ಭಾಗವು ನೀರು ಹೀರಿ ಊದಿ ನಳಿಗೆಯನ್ನು ಒತ್ತುವುದರಿಂದಲೂ ಗುರಿ ಬದಲಾಗುತ್ತದೆ, ಹಾಗಾಗಿ ದಸರಾ ಕಳೆದ ಮೇಲೆ ಮತ್ತೊಮ್ಮೆ ಐದು ಗುಂಡು ಹಾರಿಸಿ ನೋಡುವುದು ಅಗತ್ಯ.

ಬೆಳಕೂ ಮೋಸ ಮಾಡುತ್ತದೆ. ಎಡದಿಂದ ಬಿಸಿಲು ಬಿದ್ದಾಗ ಬ್ಲೇಡಿನ ಎಡ ಅಂಚು ಮಾತ್ರ ಹೊಳೆದು, ಕಣ್ಣು ಆ ಹೊಳಪನ್ನೇ ನಡುವೆ ತರುತ್ತದೆ, ಗುಂಡು ಬಲಕ್ಕೆ ಹೋಗುತ್ತದೆ. ಇದಕ್ಕೆ ಮದ್ದು ನಮ್ಮ ದೇವರ ಕೋಣೆಯಲ್ಲಿಯೇ ಇದೆ: ಒಂದು ಕರ್ಪೂರದ ತುಂಡನ್ನು ಹಚ್ಚಿ, ಖಾಲಿ ಬಂದೂಕಿನ ಫೋರ್‌ಸೈಟನ್ನು ಅದರ ಹೊಗೆಗೆ ಹಿಡಿದರೆ ಕಾಡಿಗೆಯಂಥ ಮಸಿ ಕೂರುತ್ತದೆ, ಹೊಳಪು ಸತ್ತು ಅಂಚು ಸ್ಪಷ್ಟವಾಗುತ್ತದೆ.

ಇನ್ನು ಎಷ್ಟು ದೂರಕ್ಕೆ ಹೊಡೆಯಬಹುದು ಎಂಬ ಪ್ರಶ್ನೆ. ಅಜ್ಜಂದಿರ ಇನ್ನೂರು ಗಜದ ಈಡಿನ ಕಥೆಗಳನ್ನು ಗೌರವದಿಂದ ಕೇಳಿ, ಪಕ್ಕಕ್ಕಿಡಿ. ಸುಮಾರು 15 ಸೆಂಟಿಮೀಟರ್ ಅಗಲದ ತಟ್ಟೆಯ ಅಳತೆಗೆ ಕಾಗದ ಕತ್ತರಿಸಿ ರೇಂಜಿನಲ್ಲಿ ಅಂಟಿಸಿ, ಆಸರೆ ಇಲ್ಲದೆ ಮಂಡಿಯೂರಿ ಐದು ಗುಂಡು ಹಾರಿಸಿ. ಐದಕ್ಕೆ ಐದೂ ಕಾಗದದೊಳಗೆ ಬೀಳುವ ದೂರವೇ ಆ ಭಂಗಿಯಲ್ಲಿ ನಿಮ್ಮ ದೂರ. ನಾಲ್ಕು ಬಿದ್ದರೆ ಇನ್ನೂ ಹತ್ತಿರಕ್ಕೆ ಬರಬೇಕು. ನಿಂತು ಹೊಡೆಯುವಾಗ ನನ್ನ ದೂರ 40 ಮೀಟರ್, ಅದಕ್ಕಿಂತ ಒಂದು ಹೆಜ್ಜೆಯೂ ಹೆಚ್ಚಿಲ್ಲ. ಅನುಮತಿ ಪತ್ರ ಕೈಯಲ್ಲಿದ್ದು ಹಂದಿಯು ಗದ್ದೆಗೆ ಬಂದ ದಿನವೂ ಇದೇ ಅಳತೆ ಅನ್ವಯಿಸುತ್ತದೆ. ಬ್ಲೇಡು ಕಾಣದಷ್ಟು ಕತ್ತಲೆಯಾದರೆ ಗುಂಡು ಹಾರಿಸುವಂತಿಲ್ಲ. ರೈಫಲ್ ಗುಂಡು ಚರೆಯಂತೆ ಹತ್ತಿರದಲ್ಲೇ ಸೋತು ಬೀಳದೆ ಕಿಲೋಮೀಟರುಗಟ್ಟಲೆ ಹೋಗುತ್ತದೆ, ಮತ್ತು ಕಾಫಿ ಗಿಡದ ಆಚೆ ಕೂಲಿ ಲೈನ್ ಇರಬಹುದು, ಕರಿಮೆಣಸು ಕೊಯ್ಯುವವರು ಏಣಿಯ ಮೇಲಿರಬಹುದು. ಗುರಿಯ ಹಿಂದೆ ಮಣ್ಣಿನ ದಿಣ್ಣೆ ಕಾಣದಿದ್ದರೆ ಬೆರಳು ಟ್ರಿಗರಿನ ಹೊರಗೇ ಇರಬೇಕು.

ಕೆಲಸ ಮುಗಿದ ದಿನವೇ ನಳಿಗೆಯನ್ನು ತೊಳೆಯಬೇಕು. ಹಳೆಯ ತೋಟೆಗಳ ಕೇಪಿನಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಒಂದು ಬಗೆಯ ಉಪ್ಪನ್ನು ಬಿಡುತ್ತದೆ. ಅದು ಗಾಳಿಯ ತೇವವನ್ನು ಹೀರಿ ಎರಡೇ ದಿನದಲ್ಲಿ ತುಕ್ಕು ತರುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬೋಲ್ಟ್ ತೆಗೆದು, ಹಿಂಬದಿಯಿಂದ ಆಲಿಕೆ ಇಟ್ಟು, ಒಂದೆರಡು ಲೀಟರ್ ಕುದಿಯುವ ನೀರನ್ನು ಮರಕ್ಕೆ ತಾಗದಂತೆ ಹೊಯ್ಯಿರಿ. ಬಿಸಿಯಾದ ನಳಿಗೆ ತಾನೇ ಒಣಗುತ್ತದೆ. ಒಣ ಬಟ್ಟೆಯನ್ನು ಕಪ್ಪು ಬರದಾಗುವ ತನಕ ಎಳೆದು, ಆಮೇಲೆ ಎಣ್ಣೆ ಬಟ್ಟೆಯನ್ನು ಒಮ್ಮೆ ಎಳೆಯಿರಿ. ಪುಲ್‌ಥ್ರೂ ಹಗ್ಗವನ್ನು ನಳಿಗೆಯ ಬಾಯಿಗೆ ತಾಗದಂತೆ ನೇರವಾಗಿ ಎಳೆಯಬೇಕು. ಬೋಲ್ಟನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಆ ದಿನ ಹಾರಿಸಿದ ತೋಟೆಗಳ ಸಂಖ್ಯೆ, ದೂರ, ಬೆಳಕು ಬಂದ ದಿಕ್ಕು ಮತ್ತು ಗುಂಡು ಬಿದ್ದ ಜಾಗವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.