ನಳದ ಸರದಿ ನೋಡಿ ಕುಂಡ ಇಡಿ

ಮಾಳಿಗೆ ಮೇಲೆ ಕೈತೋಟ ಮಾಡಬೇಕು ಅಂದಕೂಡಲೇ ಜನ ನರ್ಸರಿಗೆ ಓಡುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲು ನೋಡಬೇಕಾದ್ದು ಮನೆಯ ನಳ. ನಿಮ್ಮ ಓಣಿಗೆ ಎಷ್ಟು ದಿವಸಕ್ಕೊಮ್ಮೆ ನೀರು ಬರುತ್ತದೆ? ಕುಡಿಯಲು, ಬಳಸಲು ತುಂಬಿಟ್ಟ ಮೇಲೆ ಗಿಡಕ್ಕೆಂದು ಎಷ್ಟು ಉಳಿಯುತ್ತದೆ? 20 ಲೀಟರಿನ ಬಕೆಟ್ಟಿನಲ್ಲಿ ಬೆಳೆದು ನಿಂತ ಟೊಮೆಟೊ ಗಿಡಕ್ಕೆ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಸುಮಾರು ಎರಡು ಲೀಟರ್ ಬೇಕು, ಚಳಿಗಾಲದಲ್ಲಿ ಒಂದು ಲೀಟರ್ ಸಾಕು. ಅಂಥ 20 ಬಕೆಟ್ ಇಟ್ಟರೆ ಬೇಸಿಗೆಯಲ್ಲಿ ದಿನಕ್ಕೆ 40 ಲೀಟರ್ ಆಯಿತು, 200 ಲೀಟರಿನ ಡ್ರಮ್ಮು ಐದೇ ದಿವಸಕ್ಕೆ ಖಾಲಿ. ಎಂಟು ದಿವಸಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಒಂದೇ ಡ್ರಮ್ಮಿದ್ದರೆ 12 ಕುಂಡಕ್ಕೆ ನಿಲ್ಲಿಸಿ. ಆಸೆಗೆ ಬಿದ್ದು ಮೂವತ್ತು ಹಚ್ಚಿದವರು ಮೇ ತಿಂಗಳಲ್ಲಿ ಮೂವತ್ತನ್ನೂ ಒಣಗಿಸುತ್ತಾರೆ.

ಡ್ರಮ್ಮಿನ ಬಾಯಿಗೆ ಹಳೆಯ ಪಂಜೆ ಬಿಗಿಯಾಗಿ ಕಟ್ಟಿ, ಇಲ್ಲವಾದರೆ ವಾರದೊಳಗೆ ಸೊಳ್ಳೆ ಮರಿ ಕಾಣುತ್ತವೆ. ಕುಂಡದ ಕೆಳಗಿನ ತಟ್ಟೆಯಲ್ಲೂ ನೀರು ನಿಲ್ಲಬಾರದು. ಬೋರಿನ ಸವಳು ನೀರು ಹಾಕುವವರ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಅದು ಉಪ್ಪು. ಮಳೆಗಾಲದಲ್ಲಿ ಮಾಳಿಗೆಯ ಮಳೆನೀರು ಹಿಡಿದು ಒಂದೊಂದು ಬಕೆಟ್ಟಿಗೆ ಎರಡು ಕೊಡ ಸುರಿದು ತಳದಿಂದ ಹರಿದುಹೋಗಲು ಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ.

ಇನ್ನು ಭಾರ. ಜನ ಓಡಾಡುವ ಆರ್‌ಸಿಸಿ ಮಾಳಿಗೆಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆ.ಜಿ. ಹೊರೆ ಹಿಡಿದು ಕಟ್ಟಿರುತ್ತಾರೆ. ನೀರು ಕುಡಿದ 20 ಲೀಟರಿನ ಬಕೆಟ್ಟು ಸುಮಾರು 25 ಕೆ.ಜಿ. ತೂಗುತ್ತದೆ. ಚದರ ಮೀಟರಿಗೆ ನಾಲ್ಕಕ್ಕಿಂತ ಹೆಚ್ಚು ಬೇಡ, ಅವನ್ನೂ ನಡುವೆ ಇಡದೆ ಕೆಳಗೆ ಗೋಡೆ ಇರುವ ಕಡೆ, ಕಟ್ಟೆಯ ಗುಂಟ ಇಡಿ. ಕುಂಡದ ಕೆಳಗೆ ಎರಡೆರಡು ಇಟ್ಟಂಗಿ ಇಟ್ಟರೆ ತೇವ ಆರುತ್ತದೆ, ಕಸ ಹೊಡೆಯಲು ಕೈ ಹೋಗುತ್ತದೆ. ನೀರು ಹೋಗುವ ಪೈಪಿನ ಬಾಯಿಗೆ ಅಡ್ಡ ಏನೂ ಇರಕೂಡದು. ಧಾರವಾಡದ ಹಳೆಯ ಮಣ್ಣಿನ ಮೇಲ್ಮುದ್ದೆ ಮನೆಗಳ ಮೇಲೆ ಈ ಹವ್ಯಾಸವೇ ಬೇಡ, ಅಂಗಳ ನೋಡಿಕೊಳ್ಳಿ.

ಪೇಂಟಿನ ಖಾಲಿ ಬಕೆಟ್ಟು ಒಳ್ಳೆಯ ಕುಂಡ. ಒಳಗೆ ಅಂಟಿದ ಬಣ್ಣ ಪೂರ್ತಿ ಕೆರೆದು ತೊಳೆದು, ತಳದಲ್ಲಿ ಕಿರುಬೆರಳು ಹೋಗುವಷ್ಟು ಆರು ತೂತು, ತಳದಿಂದ ಒಂದು ಇಂಚು ಮೇಲೆ ಮಗ್ಗುಲಿಗೆ ಮತ್ತೆರಡು ತೂತು ಕೊರೆಯಿಸಿ. ತಳಕ್ಕೆ ಎರಡು ಇಂಚು ಖಡಿ ಹಾಕುವ ರೂಢಿ ಇದೆ, ಅದು ದಂಡ. ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಖಡಿಗೆ ಇಳಿಯುವುದೇ ಇಲ್ಲ. ಹಸಿ ಮಣ್ಣು ಅಷ್ಟು ಎತ್ತರಕ್ಕೆ ಬೇರಿನ ಹತ್ತಿರ ಬಂದು ಕೂಡುತ್ತದೆ. ತೂತಿನ ಮೇಲೆ ಒಂದೊಂದು ಹಂಚಿನ ಚೂರು ಬೋರಲು ಹಾಕಿದರೆ ಸಾಕು.

ಮಣ್ಣಿನ ವಿಷಯಕ್ಕೆ ಬಂದರೆ, ಹೊಲದಲ್ಲಿ ಬಂಗಾರದಂಥ ಎರೆ ಮಣ್ಣು ಕುಂಡದಲ್ಲಿ ಶತ್ರು. ನೀರು ಬಿದ್ದರೆ ಜಿಗುಟು ಮುದ್ದೆ, ಒಣಗಿದರೆ ಕಲ್ಲು. ಒಣಗಿದಾಗ ಬಕೆಟ್ಟಿನ ಬದಿಯಿಂದ ಬಿಟ್ಟುಕೊಂಡು ಬೆರಳು ಹೋಗುವಷ್ಟು ಸಂದು ಮಾಡುತ್ತದೆ, ಹಾಕಿದ ನೀರೆಲ್ಲ ಆ ಸಂದಿನಿಂದ ಇಳಿದು ತಳದಿಂದ ಹೊರಗೆ ಬರುತ್ತದೆ. ನೋಡುವವರಿಗೆ ನೀರು ಕುಡಿಯಿತು ಅನ್ನಿಸುತ್ತದೆ, ಬೇರು ಮಾತ್ರ ಒಣಗಿದ್ದಲ್ಲೇ ಇರುತ್ತದೆ. ಹಾಗಾಗಿ ಮಸಾರಿ ಮಣ್ಣು ಎರಡು ಬುಟ್ಟಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಕುರಿ ಗೊಬ್ಬರ ಒಂದು ಬುಟ್ಟಿ, ತೆಂಗಿನ ನಾರಿನ ಪುಡಿ ಒಂದು ಬುಟ್ಟಿ, ಉಸುಕು ಅರ್ಧ ಬುಟ್ಟಿ ಕಲಸಿ. ಬಕೆಟ್ಟಿಗೆ 100 ಗ್ರಾಂ ಬೇವಿನ ಹಿಂಡಿ ಸೇರಿಸಿ. ನಾರಿನ ಪುಡಿಯ 5 ಕೆ.ಜಿ.ಯ ಗಟ್ಟಿ ನೆನೆಸಿದರೆ 60 ಲೀಟರಿಗೂ ಮೇಲೆ ಉಬ್ಬುತ್ತದೆ. ಅದನ್ನು ಎರಡು ಸಲ ನೀರಲ್ಲಿ ತೊಳೆದು ಹಿಂಡಿಯೇ ಬಳಸಿ, ಅದರಲ್ಲೂ ಉಪ್ಪಿರುತ್ತದೆ. ಕಲಸಿದ್ದನ್ನು ತುಸು ತೇವ ಮಾಡಿ ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಬೇಕು, ಹೆಬ್ಬೆರಳು ತಾಗಿಸಿದರೆ ಒಡೆಯಬೇಕು. ಒಡೆಯದಿದ್ದರೆ ಉಸುಕು ಕಡಿಮೆ ಬಿದ್ದಿದೆ. ತುಂಬುವಾಗ ಮೇಲೆ ಮೂರು ಇಂಚು ಖಾಲಿ ಬಿಡಿ. ಎರಡು ಇಂಚಿನಷ್ಟು ಶೇಂಗಾ ಸಿಪ್ಪೆಯನ್ನೋ ಕತ್ತರಿಸಿದ ಜೋಳದ ಕಣಿಕೆಯನ್ನೋ ಹೊದಿಸಲಿಕ್ಕೆ ಆ ಜಾಗ ಬೇಕು. ಈ ಹೊದಿಕೆ ಇದ್ದರೆ ಮಣ್ಣು ಬಹಳ ನಿಧಾನ ಆರುತ್ತದೆ, ನಳ ಒಂದು ದಿವಸ ತಪ್ಪಿದರೂ ಗಿಡ ತಡೆಯುತ್ತದೆ.

ಮಿರಗ, ಅಂದರೆ ಜೂನ್ ಮೊದಲಲ್ಲಿ ಬರುವ ಮೃಗಶಿರಾ ಮಳೆ ಕೂಡುತ್ತಿದ್ದಂತೆ ಬೆಂಡೆ, ಚವಳಿ (ಗೋರಿಕಾಯಿ), ಹೀರೆ, ಹಾಗಲ, ಸವತೆ ಊರಿ. ಬಳ್ಳಿಗಳಿಗೆ 20 ಲೀಟರಿಗಿಂತ ಸಣ್ಣ ಕುಂಡ ಬೇಡ, ಒಂದಕ್ಕೆ ಒಂದೇ ಬಳ್ಳಿ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದಾದ್ದರಿಂದ ಎತ್ತರದ ಗಿಡಗಳನ್ನು ಆ ಕಡೆಯ ಕಟ್ಟೆಯ ಮರೆಗೆ ಸರಿಸಿ, ಚಪ್ಪರವನ್ನು ಕಟ್ಟೆಗೇ ಬಿಗಿಯಿರಿ. ಹೀರೆ ಹೂ ಬಿಡುತ್ತದೆ, ಹೀಚು ಹಳದಿಯಾಗಿ ಉದುರುತ್ತದೆ ಎನ್ನುವ ದೂರು ಮೇಲಿನ ಮಹಡಿಗಳಲ್ಲಿ ಸಾಮಾನ್ಯ. ಅಲ್ಲಿಗೆ ಜೇನು ಕಡಿಮೆ. ಗಂಡು ಹೂವಿನ ದಳ ಕಿತ್ತು, ಹಿಂದೆ ಪುಟ್ಟ ಕಾಯಿ ಇರುವ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹೀರೆ ಹೂ ಅರಳುವುದು ಸಂಜೆ, ಸವತೆ ಮತ್ತು ಹಾಗಲ ಮುಂಜಾನೆ. ಹೀರೆಗೆ ಮುಂಜಾನೆ ಹೋದರೆ ಬಾಡಿದ ಹೂವೇ ಸಿಗುತ್ತದೆ.

ಟೊಮೆಟೊ ಸಸಿಯನ್ನು ಮಳೆ ಹಿಂದಾದ ಮೇಲೆ, ಅಕ್ಟೋಬರಿನಲ್ಲಿ ಹಚ್ಚಿ. ಕಾಂಡದ ಕೆಳಗಿನ ಎಲೆ ತೆಗೆದು ಅರ್ಧ ಸಸಿ ಮಣ್ಣಿನೊಳಗೆ ಹೋಗುವಂತೆ ನೆಟ್ಟರೆ ಹುಗಿದ ಕಾಂಡವೂ ಬೇರು ಬಿಡುತ್ತದೆ. ಕಾಯಿಯ ತಳ ಕಪ್ಪಾಗಿ ಚರ್ಮದಂತೆ ಒಳಗೆ ಕುಸಿದರೆ ಔಷಧಿ ಅಂಗಡಿಗೆ ಹೋಗಬೇಡಿ, ಅದು ಹುಳವೂ ಅಲ್ಲ, ರೋಗವೂ ಅಲ್ಲ. ಸುಣ್ಣದ ಅಂಶ ಕಾಯಿಗೆ ಮುಟ್ಟುವುದು ನೀರಿನ ಜೊತೆ. ಎರಡು ದಿವಸ ಒಣಗಿಸಿ, ನಳ ಬಂದ ದಿವಸ ಕೆರೆಯಂತೆ ತುಂಬಿಸಿದರೆ ಆ ಹರಿವು ತಪ್ಪುತ್ತದೆ. ಮೊಟ್ಟೆ ಸಿಪ್ಪೆ ಪುಡಿ ಹಾಕಿದರೂ ತಕ್ಷಣಕ್ಕೆ ಉಪಯೋಗವಿಲ್ಲ, ಅದು ಕರಗಲು ತಿಂಗಳುಗಳು ಬೇಕು. ದಿನಾಲೂ ಮುಂಜಾನೆ ಎಂಟರೊಳಗೆ ಅಳತೆ ನೀರು ಹಾಕಿ, ಅದೇ ಔಷಧಿ. ಮಂಗ್ಯಾಗಳು ಬರುವ ಓಣಿಯಲ್ಲಂತೂ ಟೊಮೆಟೊ ಹಚ್ಚುವುದು ಅವುಗಳಿಗೇ ಹಚ್ಚಿದಂತೆ. ಅಲ್ಲಿ ಮೆಣಸಿನಕಾಯಿ, ಹಾಗಲ ಹಾಕಿಕೊಳ್ಳಿ.

ಬ್ಯಾಡಗಿ ಬೀಜ ತಂದು ಮನೆಯ ಖಾರಪುಡಿ ಮಾಡುತ್ತೇವೆ ಅನ್ನುವವರಿಗೆ ಒಂದು ಮಾತು: ಹತ್ತು ಕುಂಡದ ಹಣ್ಣುಕಾಯಿ ಒಣಗಿಸಿದರೆ ಒಂದು ಸಣ್ಣ ಡಬ್ಬಿ ತುಂಬೀತು. ದಿನದ ಹಸಿಮೆಣಸಿನಕಾಯಿಗಾದರೆ ಮೂರೇ ಗಿಡ ಸಾಕು. ಮೆಣಸಿನ ಎಲೆ ಮುಟುರಿದಾಗ ಯಾವ ಕಡೆಗೆ ಎಂದು ನೋಡಿ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳ, ಕೆಳಕ್ಕೆ ಮಡಚಿ ಬೋರಲಾದರೆ ನುಸಿ. ಥ್ರಿಪ್ಸಿಗೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ನೀರು ಕಲಕಿ, ಬಿಸಿಲಿಳಿದ ಮೇಲೆ ಎಲೆಯ ಕೆಳಭಾಗಕ್ಕೆ ಸಿಂಪಡಿಸಿ, ವಾರಕ್ಕೊಮ್ಮೆ ಮೂರು ಸಲ. ನುಸಿಗೆ ನೀರಲ್ಲಿ ಕಲೆಯುವ ಗಂಧಕದ ಪುಡಿ ಲೀಟರಿಗೆ 2 ಗ್ರಾಂ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ, ಸುಡುಬಿಸಿಲಲ್ಲೂ ಹೊಡೆಯಬಾರದು. ದಾಸವಾಳದ ಕುಡಿಗೆ ಬಿಳಿ ಹಿಟ್ಟಿನಂಥ ಹುಳ ಹತ್ತಿದ್ದರೆ ಆ ಕುಡಿ ಕತ್ತರಿಸಿ ಒಗೆದು, ಗಿಡ ಹತ್ತುವ ಇರುವೆಗಳನ್ನು ತಡೆಯಿರಿ. ಹುಳವನ್ನು ಕಾಯುವುದೇ ಇರುವೆ.

ಸೊಪ್ಪಿಗೆ ಆರು ಇಂಚು ಆಳದ ಟ್ರೇ ಸಾಕು. ಮೆಂತ್ಯ 25 ದಿವಸಕ್ಕೆ ಕೈಗೆ ಬರುತ್ತದೆ. ಮನೆಯ ಹವೀಜವನ್ನು (ಕೊತ್ತಂಬರಿ ಬೀಜ) ಲಟ್ಟಣಿಗೆಯಿಂದ ಎರಡು ಹೋಳಾಗುವಂತೆ ಒತ್ತಿ, ರಾತ್ರಿ ನೆನೆಸಿ ಬಿತ್ತಿ. ಏಪ್ರಿಲಿನಲ್ಲಿ ಬಿತ್ತಿದರೆ ಸೊಪ್ಪಾಗುವ ಮೊದಲೇ ಹೂವಾಗುತ್ತದೆ. ಪುಂಡಿ ಯಾವ ಬಿಸಿಲಿಗೂ ಜಗ್ಗುವುದಿಲ್ಲ.

ಹೂವಿನಲ್ಲಿ ಚೆಂಡುಹೂ ಸುಲಭ. ಹಬ್ಬಕ್ಕೆ ಎರಡು ತಿಂಗಳು ಮೊದಲು ಬೀಜ ಹಾಕಿ, ಮೊದಲ ಮೊಗ್ಗು ಚಿವುಟಿದರೆ ಗಿಡ ಕವಲೊಡೆಯುತ್ತದೆ. ಸೇವಂತಿಗೆ ಹಾಗಲ್ಲ, ಅದಕ್ಕೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲೆ ಬೇಕು. ಬೀದಿ ದೀಪದ ಬೆಳಕು ಬೀಳುವ ಮೂಲೆಯಲ್ಲಿಟ್ಟ ಸೇವಂತಿಗೆ ದೀಪಾವಳಿ ದಾಟಿದರೂ ಎಲೆ ಬಿಡುತ್ತಲೇ ಇರುತ್ತದೆ. ಕುಂಡವನ್ನು ಸೆಪ್ಟೆಂಬರಿನಲ್ಲೇ ಕತ್ತಲ ಮೂಲೆಗೆ ಸರಿಸಿ. ದುಂಡುಮಲ್ಲಿಗೆಗೆ ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ಒಂದೂವರೆ ಅಡಿ ಬಿಟ್ಟು ಕತ್ತರಿಸಿ, ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡಿದರೆ ಬೇಸಿಗೆ ತುಂಬ ಹೂವು. ಕತ್ತರಿಸಲು ಮನಸ್ಸಾಗದವರ ಬಳ್ಳಿ ಬರೀ ಉದ್ದ ಬೆಳೆಯುತ್ತದೆ.

ಮೇಲುಗೊಬ್ಬರಕ್ಕೆ ಗಾಣದ ಶೇಂಗಾ ಹಿಂಡಿ 100 ಗ್ರಾಂ ಒಂದು ಲೀಟರ್ ನೀರಿನಲ್ಲಿ ನಾಲ್ಕು ದಿವಸ ಮುಚ್ಚಿಟ್ಟು, ದಿನಾ ಒಮ್ಮೆ ಕಲಕಿ. ಹತ್ತು ಪಟ್ಟು ನೀರು ಬೆರೆಸಿ, ಬಕೆಟ್ಟಿಗೆ ಅರ್ಧ ಲೀಟರಿನಂತೆ 15 ದಿವಸಕ್ಕೊಮ್ಮೆ. ವಾಸನೆ ಜೋರು, ಹಾಗಾಗಿ ನೆಂಟರು ಬರುವ ದಿವಸ ಬೇಡ. ಒಣ ಹಿಂಡಿ ಹಾಗೇ ಹಾಕಿದರೆ ಇಲಿ ಬರುತ್ತವೆ.

ಮೇ ತಿಂಗಳಲ್ಲಿ ಖಾಲಿಯಾದ ಬಕೆಟ್ಟಿನ ಮಣ್ಣು ಚೆಲ್ಲಬೇಡಿ. ಗೋಣಿತಾಟಿನ ಮೇಲೆ ತೆಳ್ಳಗೆ ಹರವಿ, ಬೇರು ಆರಿಸಿ, ಹತ್ತು ದಿವಸ ಬಿಸಿಲಿಗೆ ಬಿಟ್ಟು ಮೂರಕ್ಕೊಂದು ಪಾಲು ಹೊಸ ಗೊಬ್ಬರ ಸೇರಿಸಿ. ಟೊಮೆಟೊ ಹಸಿರಾಗಿದ್ದಂತೆಯೇ ಒಮ್ಮೆಗೇ ಸೊರಗಿ ಸತ್ತ ಬಕೆಟ್ಟು ಯಾವುದೆಂದು ಗುರುತು ಹಾಕಿಟ್ಟಿರಿ. ಆ ಮಣ್ಣಿಗೆ ಮುಳಗಾಯಿ (ಬದನೆ), ಮೆಣಸಿನಕಾಯಿ ಹಚ್ಚಿದರೆ ಅವೂ ಅದೇ ದಾರಿ ಹಿಡಿಯುತ್ತವೆ; ಅದಕ್ಕೆ ಚವಳಿ ಅಥವಾ ಮೆಂತ್ಯ ಹಾಕಿ.